ಮಿಲ್ಟ್ರಿ ಅಜ್ಜನ ಬಲಗಾಲು

ಕಳೆದ ತಿಂಗಳು ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೂರು ಬಸ್ಸು ಹತ್ತಿ ಕೂತಿದ್ದೆ. ಹಡಗಲಿ ಕಡೆಯ ಹೆಂಗಸೊಬ್ಬಳು ಒದ್ದೆ ಬಟ್ಟೆ ಮುಚ್ಚಿದ ಮಲ್ಲಿಗೆ ಪುಟ್ಟಿಯನ್ನು ನನ್ನ ಕಾಲ ಬುಡಕ್ಕೇ ತಳ್ಳಿ, "ಸ್ವಲ್ಪ ಕಾಲು ಮ್ಯಾಲ ತಗೋರಿ ಅಮ್ಮಾರ" ಅಂದಳು. ತಗೊಂಡೆ. ಬಸ್ಸಿನ ನೆಲಕ್ಕೆ ಯಾರೋ ಆಗಷ್ಟೇ ಫಿನಾಯಿಲು ಹಾಕಿ ತೊಳೆದಿದ್ದರು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದವು. ಮಲ್ಲಿಗೆ ಅಂದರೆ ಜನರಿಗೆ ಮದುವೆ ನೆನಪಾಗುತ್ತದೆ, ಮುಡಿ ನೆನಪಾಗುತ್ತದೆ. ನನಗೆ ಒಂದು ಕಾಲು ನೆನಪಾಗುತ್ತದೆ. ಮುದುಕನೊಬ್ಬನ ಬಲಗಾಲು, ಅರ್ಧ ತೊಡೆಯಿಂದ ಕೆಳಗಿನದು. ಅದನ್ನು ಇದೇ ದಾರಿಯಲ್ಲಿ, ಇಂಥದ್ದೇ ಬಸ್ಸಿನಲ್ಲಿ ತಂದವಳು ನಾನು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೂಡ್ಲಿಗಿ ತಾಲ್ಲೂಕಿನ, ಕೊಟ್ಟೂರಿಗೆ ಹತ್ತಿರದ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ನನ್ನನ್ನು ನರ್ಸಮ್ಮ ಎಂದು ಹಾಕಿದ್ದರು. ನಾನೇ ಕೇಳಿ ಹಾಕಿಸಿಕೊಂಡಿದ್ದೆ. ನಮ್ಮವರು ತೀರಿಕೊಂಡು ಏಳು ತಿಂಗಳಾಗಿತ್ತು, ಮಾಗಳದಲ್ಲಿ ಇರಲು ಆಗುತ್ತಿರಲಿಲ್ಲ. ಅವರು ಅಲ್ಲಿ ಮೇಷ್ಟ್ರು. ಒಂದು ಭಾನುವಾರ ತುಂಗಭದ್ರೆಗೆ ಈಜಲು ಹೋದವರು ಮೂರನೆಯ ದಿನ ಸಿಕ್ಕರು. ನಾನು ಹೊಳೆಗೆ ಹೊರಡುತ್ತಿದ್ದಂತೆ ಹಿರಿಯರು ಬಾಗಿಲಲ್ಲೇ ಅಡ್ಡ ನಿಂತರು. "ನೋಡೋ ಹಂಗಿಲ್ಲ ತಂಗಿ, ನೋಡಬ್ಯಾಡ" ಅಂದರು. ಸರಿ ಅಂದೆ, ಒಳಗೆ ಬಂದು ಕೂತೆ. ಹೊಳೆದಂಡೆಯಲ್ಲೇ ಮಣ್ಣು ಮಾಡಿ ಬಂದರು. ಎಷ್ಟೋ ಹೆಣ ನೋಡಿದ ನರ್ಸು ನಾನು. ನನ್ನ ಗಂಡನದನ್ನು ಮಾತ್ರ ನೋಡಲಿಲ್ಲ.

ಅವತ್ತಿನಿಂದ ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮೊದಲು ಒಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಯಾರೋ ಅದನ್ನು ಎದೆಗೇ ಚುಚ್ಚಿಬಿಟ್ಟ ಹಾಗಿತ್ತು. ಉಣ್ಣುತ್ತಿದ್ದೆ, ಕೂಸುಗಳಿಗೆ ಲಸಿಕೆ ಹಾಕುತ್ತಿದ್ದೆ, ಬಾಣಂತಿಯರನ್ನು ಬೈಯುತ್ತಿದ್ದೆ, ಮೀಟಿಂಗಿಗೆ ಹೋಗಿ ನಿದ್ದೆ ಮಾಡುತ್ತಿದ್ದೆ. ಊರವರು "ಎಂಥಾ ಗಟ್ಟಿ ಹೆಂಗಸು" ಅನ್ನುತ್ತಿದ್ದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಜೋಮು ಹಿಡಿದಿತ್ತು, ಅಷ್ಟೇ.

ಆ ಊರಿಗೆ ಹೋದ ಎರಡನೆಯ ವಾರಕ್ಕೆ ಈರಮ್ಮ ಬಂದಳು. ಊರವರು ಮಿಲ್ಟ್ರಿ ಅಜ್ಜ ಎಂದು ಕರೆಯುತ್ತಿದ್ದ ಹಳೆಯ ಸಿಪಾಯಿಯ ಸೊಸೆ. "ನಮ್ಮ ಮಾವಾರ ಕಾಲಾಗ ಏನೋ ಆಗೈತ್ರಿ, ಒಂದೀಟು ನೋಡ್ರಿ" ಅಂದಳು. ಹೋಗಿ ನೋಡಿದರೆ ಬಲಗಾಲಿನ ಹಿಮ್ಮಡಿಯಲ್ಲಿ ಬೆರಳುದ್ದದ ಜಾಲಿ ಮುಳ್ಳು ಮುರಿದು ಕೂತಿದೆ. ಸುತ್ತ ಕೀವು. ಅಜ್ಜ ಅದೇ ಕಾಲಿನಲ್ಲಿ ಎರಡು ದಿನ ಹೊಲ ಸುತ್ತಿ ಬಂದಿದ್ದ. ವಯಸ್ಸು ಎಂಬತ್ತು ದಾಟಿತ್ತು, ಸಕ್ಕರೆ ಕಾಯಿಲೆ ಬೇರೆ.

"ನೋಯಲಿಲ್ಲೇನು ಅಜ್ಜಾ?"

"ಗೊತ್ತಾಗ್ಲಿಲ್ಲವ್ವ. ಈ ಕಾಲು ನನ್ನ ಕೂಡ ಮಾತು ಬಿಟ್ಟು ಎರಡು ವರ್ಷಾತು."

ದಿನ ಬಿಟ್ಟು ದಿನ ಗಾಯ ತೊಳೆಯಲು ಹೋಗುತ್ತಿದ್ದೆ. ಹಾಗೆ ಹೋದಾಗಲೇ ಆ ಕಾಲಿನ ಚರಿತ್ರೆ ತಿಳಿದದ್ದು. ಈರಮ್ಮ ಜೋಳ ಅಳೆಯಲು ಒಂದು ಪಾತ್ರೆ ಇಟ್ಟುಕೊಂಡಿದ್ದಳು. ಎರಡು ಹಿಡಿ ಇದ್ದ ಪಾತ್ರೆ, ಒಂದು ಮುರಿದಿತ್ತು. ಬೆಳ್ಳಿ ನೀರು ಹಾರಿ ಹೋಗಿ ಹಿತ್ತಾಳೆ ಕಾಣುತ್ತಿತ್ತು. "ಇದು ಯಾವ ಊರಿನ ಸೇರು ಈರಮ್ಮ?" ಎಂದು ಕೇಳಿದೆ. "ಸೇರಲ್ರಿ, ನಮ್ಮ ಮಾವಾರು ಓಡಿ ಗೆದ್ದಿದ್ದು. ಸರಿಯಾಗಿ ಒಂದೂವರೆ ಸೇರು ಹಿಡಿತೈತಿ" ಅಂದಳು. ಅಜ್ಜ ಜಗಲಿಯ ಮೇಲಿಂದಲೇ, "ಅದನ್ನ ಗೆಲ್ಲಾಕ ಹನ್ನೆರಡು ಮೈಲಿ ಓಡೀನಿ. ಜ್ವಾಳ ಅಳಿಯಾಕಾದ್ರೂ ಬಂತಲ್ಲ" ಅಂದ.

ಹುಡುಗನಿದ್ದಾಗ ಅವನ ಅವ್ವ ರೊಟ್ಟಿ ತಟ್ಟಲು ಕೂತು ಎಣ್ಣೆಗೆ ಕೊಟ್ಟೂರಿಗೆ ಕಳಿಸಿದರೆ, ಕೊನೆಯ ರೊಟ್ಟಿ ಬೇಯುವುದರೊಳಗೆ ಹಿಂದಿರುಗುತ್ತಿದ್ದನಂತೆ. ಬಳ್ಳಾರಿಯಲ್ಲಿ ಪಲ್ಟನ್ನಿಗೆ ಆಳು ತೆಗೆದುಕೊಳ್ಳುತ್ತಾರೆಂದು ಕೇಳಿ ಮನೆಯಲ್ಲಿ ಹೇಳದೆ ಹೋದ. ಮೊದಲ ಓಟದ ದಿನ ಬೂಟು ಕಚ್ಚುತ್ತದೆಂದು ಬಿಚ್ಚಿ, ಅದರ ದಾರ ಗಂಟು ಹಾಕಿ ಕೊರಳಿಗೆ ನೇತು ಹಾಕಿಕೊಂಡು ಓಡಿದ. ಗುರಿ ಮುಟ್ಟಿ ಹಿಂದೆ ನೋಡಿದರೆ ರಸ್ತೆ ಖಾಲಿ. ಸಾಹೇಬನಿಗೆ ಸಿಟ್ಟು. ಸರಕಾರ ಕೊಟ್ಟ ಬೂಟನ್ನು ಕಾಲಿಗೆ ಹಾಕಬೇಕು, ಕೊರಳಿಗಲ್ಲ ಎಂದು ಎರಡು ದಿನ ಪಹರೆ ಶಿಕ್ಷೆ ಕೊಟ್ಟು, ಮೂರನೆಯ ದಿನ ಅವನನ್ನೇ ಪಲ್ಟನ್ನಿನ ಓಟದ ತಂಡಕ್ಕೆ ಹಾಕಿದ. ಆಮೇಲೆ ಬೆಂಗಳೂರು, ಪುಣೆ, ಲಾಹೋರಿನ ತನಕ ಓಡಿಸಿದರು.

"ಅಷ್ಟು ವರ್ಷ ಓಡಿದೆ. ನನ್ನ ಮುಂದ ಇನ್ನೊಬ್ಬನ ಬೆನ್ನು ನೋಡ್ಲಿಲ್ಲವ್ವ" ಅನ್ನುತ್ತಿದ್ದ. ಜಂಬವಿಲ್ಲ. ಮಳೆ ಬಂತು, ಬರಲಿಲ್ಲ ಎಂದು ಹೇಳುವ ದನಿಯಲ್ಲೇ ಹೇಳುತ್ತಿದ್ದ.

ಒಂದು ದಿನ ಮಾತ್ರ ಬೇರೆ ದನಿಯಲ್ಲಿ ಮಾತಾಡಿದ. ಬರ್ಮಾದ ಕಾಡು, ಯುದ್ಧ. ಟೆಲಿಫೋನು ತಂತಿ ಕಡಿದು ಹೋಗಿತ್ತು. ಒಂದೇ ಸುದ್ದಿಯ ಎರಡು ಚೀಟಿ ಬರೆದು ಇಬ್ಬರ ಕೈಗೆ ಕೊಟ್ಟು ಓಡಿಸಿದ್ದರು. ಒಬ್ಬ ಬಿದ್ದರೆ ಇನ್ನೊಬ್ಬ ನಿಲ್ಲಬಾರದು, ತಿರುಗಿಯೂ ನೋಡಬಾರದು ಎಂದು ಹುಕುಂ. ಜೊತೆಗಿದ್ದವನು ನಮ್ಮ ಕಡೆಯವನೇ, ಚಿಗಟೇರಿಯ ಹನುಮಂತ. ಅರ್ಧ ದಾರಿಯಲ್ಲಿ ಹಿಂದಿನ ಹೆಜ್ಜೆಯ ಸದ್ದು ನಿಂತಿತು. "ಗುಂಡು ಬಿತ್ತೋ, ಹಾವು ಕಡೀತೋ, ಸುಸ್ತಾತೋ, ಗೊತ್ತಿಲ್ಲ. ನಾನು ತಿರುಗಿ ನೋಡ್ಲಿಲ್ಲ. ಹುಕುಂ ಇತ್ತು ನೋಡು."

ಯುದ್ಧ ಮುಗಿದು ಊರಿಗೆ ಬಂದವನು ಮೊದಲು ಹೋದದ್ದು ಚಿಗಟೇರಿಗೆ. ಹನುಮಂತನ ತಾಯಿ ಒಂದೇ ಮಾತು ಕೇಳಿದಳಂತೆ: ನನ್ನ ಮಗನ್ನ ಎಲ್ಲಿ ಮಣ್ಣು ಮಾಡಿದ್ರಪ್ಪಾ? "ದೊಡ್ಡ ಮರದ ಬುಡಕ ಮಾಡೀವಿ, ಚೆಂದ ಮಾಡೀವಿ ಅಂತ ಹೇಳಿ ಬಂದ್ನಿ. ಸುಳ್ಳು. ಮಣ್ಣು ಸಿಕ್ಕಿತೋ ಇಲ್ಲೋ ಆ ದೇವರಿಗೇ ಗೊತ್ತು" ಅಂದ ಅಜ್ಜ. ನಾನು ಪಟ್ಟಿ ಸುತ್ತುತ್ತಿದ್ದೆ. ನನಗೆ ಏನೂ ಅನ್ನಿಸಲೇ ಇಲ್ಲ.

ಬೇಸಿಗೆ ಏರುವ ಹೊತ್ತಿಗೆ ಪಾದ ಕಪ್ಪಾಯಿತು. ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತೊಡೆಯ ಅರ್ಧಕ್ಕೆ ತೆಗೆಯಬೇಕು, ಇಲ್ಲದಿದ್ದರೆ ವಾರ ಉಳಿಯುವುದಿಲ್ಲ ಎಂದರು ಡಾಕ್ಟರು. ಅಜ್ಜ ಒಲ್ಲೆ ಅಂದ. ಸಾಯಲು ಹೆದರಿಕೆ ಇರಲಿಲ್ಲ ಅವನಿಗೆ. ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಎರಡೂ ಕಾಲು ಮಡಿಸಿ, ಕೂರಿಸಿ ಮಣ್ಣು ಮಾಡುತ್ತಾರೆ. ಒಂದೇ ಕಾಲಿನಲ್ಲಿ ಹೇಗೆ ಕೂರುವುದು ಎಂಬುದು ಅವನ ತಕರಾರು. ಮಗ ಸಿದ್ಲಿಂಗಪ್ಪ ಅತ್ತ, ಕಾಲು ಹಿಡಿದ, ಆಗಲಿಲ್ಲ. ಕೊನೆಗೆ ಅಜ್ಜನೇ ಒಂದು ದಾರಿ ಹೇಳಿದ.

"ಕಡೀರಿ. ಆದ್ರ ಆ ಕಾಲು ಇಲ್ಲಿ ಬಿಡಬ್ಯಾಡ್ರಿ. ಹೊಲದಾಗ ನನ್ನ ಹೆಂಡ್ತಿ ಮಗ್ಗಲಿಗೆ ನನ್ನ ಜಾಗ ಐತಲ್ಲ, ಅಲ್ಲಿ ಇಡ್ರಿ. ನಾನು ಹಿಂದಿಂದ ಬರ್ತೀನಿ." ನನ್ನ ಕಡೆ ತಿರುಗಿ, "ನೀನು ನಿಂತು ಮಾಡಸಬೇಕವ್ವ. ಮಾತು ಕೊಡು" ಅಂದ. ಕೊಟ್ಟೆ. ಯಾರು ಏನು ಕೇಳಿದರೂ ಹೂಂ ಅನ್ನುವ ಕಾಲ ಅದು ನನಗೆ.

ಆಪರೇಷನ್ ಆದಮೇಲೆ ಮಗನ ಸಹಿ ತೆಗೆದುಕೊಂಡು, ನಾನು ಇಲಾಖೆಯವಳೆಂದು ನಂಬಿ, ಕಾಲನ್ನು ಕೊಟ್ಟರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಳಿ ಬಟ್ಟೆ ಕಟ್ಟಿ, ಫಿನಾಯಿಲು ಚಿಮುಕಿಸಿ, ಗೋಣಿಚೀಲಕ್ಕೆ ಹಾಕಿದ್ದರು. ಸಿದ್ಲಿಂಗಪ್ಪ ಅಪ್ಪನ ಹತ್ತಿರ ಉಳಿದ. ನಾನು, ಈರಮ್ಮ ಚೀಲ ಹಿಡಿದು ಬಸ್ಸು ಹತ್ತಿದೆವು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಕೊಟ್ಟೂರು ಬಸ್ಸಿಗೆ ಹತ್ತಿದಾಗ ಹಿಂದಿನ ಸೀಟುಗಳ ತುಂಬ ಹಡಗಲಿಯ ಮಲ್ಲಿಗೆ ಪುಟ್ಟಿ. ಕಂಡಕ್ಟರು ಚೀಲ ನೋಡಿದ.

"ಏನೈತ್ರಿ ಅದರಾಗ? ಲಗೇಜು ಆಗ್ತೈತಿ."

"ನಮ್ಮ ಮಾವಾರು" ಅಂದಳು ಈರಮ್ಮ.

ಕಂಡಕ್ಟರು ನನ್ನ ಮುಖ ನೋಡಿದ. "ಪೂರ್ತಿ ಅಲ್ರಿ, ಒಂದು ಕಾಲು ಅಷ್ಟ" ಎಂದು ಅವಳೇ ಸರಿಪಡಿಸಿದಳು. ಅವನು ಎರಡು ಟಿಕೇಟು ಹರಿದು ಕೊಟ್ಟು, ಊರು ಬರುವ ತನಕ ಹಿಂದೆ ಬರಲಿಲ್ಲ. ಹೂವಿನ ಹೆಂಗಸು ಎಲ್ಲ ಕೇಳಿಸಿಕೊಂಡಿದ್ದಳು. ಜಾಗ ಬದಲಿಸುತ್ತಾಳೆ ಅಂದುಕೊಂಡೆ. ಅವಳು ಎದ್ದು, ಎರಡು ಪುಟ್ಟಿ ಎಳೆದು ಚೀಲದ ಎರಡೂ ಮಗ್ಗುಲಿಗೆ ಇಟ್ಟಳು. "ಬಿಸಲಿಗೆ ವಾಸನಿ ಬರ್ತೈತ್ರಿ. ಹೂವಿನ ನಡುವ ಇರ್ಲಿ, ಪಾಪ" ಅಂದಳು. ಇಳಿಯುವಾಗ ಒಂದು ಬೊಗಸೆ ಮೊಗ್ಗು ಚೀಲದ ಬಾಯಿಗೆ ಸುರಿದಳು. ನಮ್ಮವರು ಪ್ರತಿ ಶನಿವಾರ ಅದೇ ಮಲ್ಲಿಗೆಯನ್ನು ಎಲೆಯಲ್ಲಿ ಕಟ್ಟಿಸಿಕೊಂಡು ತರುತ್ತಿದ್ದರು. ಮುಡಿಯದಿದ್ದರೆ ಮುನಿಯುತ್ತಿದ್ದರು. ಅದು ನೆನಪಾಯಿತು, ಆದರೆ ಬೇರೆ ಯಾರದೋ ಸಂಸಾರದ ಸುದ್ದಿ ಕೇಳಿದಂತೆ ನೆನಪಾಯಿತು.

ಊರ ಅಯ್ಯನೋರು ಹೊಲಕ್ಕೆ ಬಂದರು, ಆದರೆ ಮಂತ್ರ ಹೇಳಲು ಒಪ್ಪಲಿಲ್ಲ. "ಜೀವ ಇರೋ ಮನಷ್ಯಾಗ ಮಣ್ಣಿನ ಮಂತ್ರ ಹೇಳಬಾರದು, ಆಯುಷ್ಯ ಕಡಿಮಿ ಆಗ್ತೈತಿ" ಎಂದು ಒಂದು ವಿಭೂತಿ ಗಟ್ಟಿ ಕೊಟ್ಟು ಹೋದರು. ಕಾಲು ಅಷ್ಟೊತ್ತಿಗೆ ಕೊರಡಿನ ಹಾಗೆ ಸೆಟೆದಿತ್ತು. ಮಡಿಸಲು ನೋಡಿದೆವು, ಬರಲಿಲ್ಲ. ಉದ್ದಕ್ಕೆ ಒಂದು ಕುಣಿ ತೆಗೆಸಿ, ನೆಟ್ಟಗೆ ಮಲಗಿಸಿ, ಮಲ್ಲಿಗೆ, ವಿಭೂತಿ ಹಾಕಿ ಮುಚ್ಚಿದೆವು.

ಹತ್ತು ದಿನಕ್ಕೆ ಅಜ್ಜ ಮನೆಗೆ ಬಂದ. ಗಾಯ ಒಣಗುತ್ತಿತ್ತು. ಆದರೆ ನೋವು ಶುರುವಾಗಿತ್ತು, ಅದೂ ಇಲ್ಲದ ಕಾಲಿನಲ್ಲಿ. ಮಂಡಿ ಹಲಗೆಗೆ ಕಟ್ಟಿದಂತೆ ಸೆಟೆದಿದೆ, ಮೀನಖಂಡ ಹಿಂಡುತ್ತಿದೆ, ಹಿಮ್ಮಡಿ ಉರಿಯುತ್ತಿದೆ ಅನ್ನುತ್ತಿದ್ದ. ಟವೆಲ್ಲು ಕಚ್ಚಿಕೊಂಡು ಕೂರುತ್ತಿದ್ದ, ಅನ್ನ ಬಿಟ್ಟ. ಮುಳ್ಳು ಮುರಿದು ಕೂತರೂ ಗೊತ್ತಾಗದಿದ್ದ ಕಾಲು ಅದು.

"ಇದ್ದಾಗ ಸುಮ್ಮನ ಇತ್ತು. ಹೋದಮ್ಯಾಲ ಮಾತಾಡಾಕ ಹತ್ತೈತಿ ನೋಡವ್ವ" ಅಂದ. ಆಮೇಲೆ ಈರಮ್ಮನನ್ನು ಕರೆದು ಕೇಳಿದ. "ಖರೇ ಹೇಳು. ಅದನ್ನ ಹೆಂಗ ಇಟ್ರಿ?"

ಈರಮ್ಮ ತಲೆ ತಗ್ಗಿಸಿದಳು. "ಮಡಚಾಕ ಬರ್ಲಿಲ್ರಿ ಮಾವ. ಮಲಗಿಸಿದ್ವಿ."

"ಅದಕ್ಕ ಸೆಟದೈತಿ. ನಮ್ಮ ಪೈಕಿ ಯಾರನ್ನ ಮಲಗಿಸ್ಯಾರ? ಕುಂದರಸ್ರಿ ಅದನ್ನ."

ನಾನು ವಿವರಿಸಿದೆ. ಕಾಲು ಹೋದರೂ ನರದ ತುದಿ ಉಳಿದಿರುತ್ತದೆ, ತಲೆಗೆ ಸುಳ್ಳು ಸುದ್ದಿ ಕಳಿಸುತ್ತದೆ, ಟ್ರೈನಿಂಗಿನಲ್ಲಿ ಓದಿದ್ದೇನೆ ಎಂದೆ. ಡಾಕ್ಟರೂ ಅದನ್ನೇ ಹೇಳಿ ಮಾತ್ರೆ ಕೊಟ್ಟಿದ್ದರು. ಅಜ್ಜ ಎಲ್ಲ ಕೇಳಿ, "ನಿನ್ನ ಪುಸ್ತಕ ಸರಿ ಐತಿ. ಆದ್ರ ಕಾಲು ನಂದು" ಅಂದ.

ಮಾತ್ರೆ ನಾಟಲಿಲ್ಲ. ನಾಲ್ಕನೆಯ ದಿನ ಈರಮ್ಮ ಅಯ್ಯನೋರ ಹತ್ತಿರ ಹೋದಳು, ಜೊತೆಗೆ ನಾನೂ ಹೋದೆ. ಮುಚ್ಚಿದ ಸಮಾಧಿ ತೆಗೆಯಬಾರದು ಅಂದರು ಅವರು. ಈರಮ್ಮ ಸೆರಗು ಸಿಕ್ಕಿಸಿಕೊಂಡು ಕೇಳಿದಳು: "ಅವತ್ತು ನೀವು ಮಂತ್ರ ಹೇಳಿದ್ರೇನ್ರಿ?"

"ಇಲ್ಲ."

"ಮಂತ್ರ ಇಲ್ಲ ಅಂದಮ್ಯಾಲ ಅದು ಸಮಾಧಿ ಹೆಂಗಾತ್ರಿ? ನಮ್ಮ ಹೊಲ, ನಮ್ಮ ಕುಣಿ."

ಅಯ್ಯನೋರು ಗಡ್ಡ ನೀವಿಕೊಂಡರು. "ನಾನು ನೋಡಿಲ್ಲ, ನೀವು ಹೇಳಿಲ್ಲ" ಎಂದು ಒಳಗೆ ಹೋದರು.

ಮರುದಿನ ನಡು ಮಧ್ಯಾಹ್ನ, ಊರು ನೆರಳು ಸೇರಿದ ಹೊತ್ತಿನಲ್ಲಿ ನಾವಿಬ್ಬರೇ ಹೋದೆವು. ಈರಮ್ಮ ಅಗೆದಳು. ಬಟ್ಟೆ ಕಂಡ ಕೂಡಲೇ ಗುದ್ದಲಿ ಬಿಟ್ಟು ದೂರ ಹೋಗಿ ಕೂತಳು. ತಪ್ಪಲ್ಲ, ಅವಳು ನರ್ಸು ಅಲ್ಲ. ನಾನು ಮೂಗಿಗೆ ಬಟ್ಟೆ ಕಟ್ಟಿ, ಗ್ಲೌಸು ಹಾಕಿ ಕುಣಿಗೆ ಇಳಿದೆ. ಮೊಗ್ಗುಗಳು ಕಂದಿ ಚಹಾಪುಡಿಯಂತೆ ಆಗಿದ್ದವು. ಬಟ್ಟೆ ಬಿಚ್ಚಿದೆ. ಇರುವುದನ್ನೆಲ್ಲ ನೋಡಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಾದ ಹಿಡಿದು ಮೆಲ್ಲಗೆ ಎಳೆದರೆ, ಎರಡು ವಾರದ ಹಿಂದೆ ಇಬ್ಬರು ಒತ್ತಿದರೂ ಬಾಗದ ಮಂಡಿ ಈ ಸಲ ತಾನಾಗಿ ಮಡಚಿಕೊಂಡಿತು. ಪಾದವನ್ನು ಒಳಮುಖ ಮಾಡಿ, ಕೂತ ಮನುಷ್ಯನ ಕಾಲು ಹೇಗಿರುತ್ತದೋ ಹಾಗೆ ಇಟ್ಟು, ಮತ್ತೆ ಬಟ್ಟೆ ಸುತ್ತಿ, ಅಕ್ಕಪಕ್ಕ ಮಣ್ಣು ಒತ್ತಿದೆ. ಆಮೇಲೆ ಕುಣಿಯಿಂದ ಮೇಲೆ ಬರದೆ ಅಲ್ಲೇ ಕೂತೆ. ನೋಡಿದ್ದಕ್ಕೆ ಅಲ್ಲ. ನೋಡಿದರೂ ನನಗೆ ಏನೂ ಆಗಲಿಲ್ಲವಲ್ಲ, ಅದಕ್ಕೆ. ನಾನು ಮಾಗಳದಲ್ಲೂ ನೋಡಬಹುದಿತ್ತು. ತಡೆದುಕೊಳ್ಳುತ್ತಿದ್ದೆ. ನೋಡಬೇಡ ಅಂದರು, ನಾನು ಎದುರು ಮಾತಾಡದೆ ಒಳಗೆ ಹೋಗಿ ಕೂತುಬಿಟ್ಟೆ.

ಅಜ್ಜ ಕಾಯುತ್ತಿದ್ದ. "ಪಾದ ಒಳಗ ಬಂತಾ?" ಎಂದು ಕೇಳಿದ. ಬಂತು ಅಂದೆ. ಅವನು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದವನು ದೀಪ ಹಚ್ಚುವ ಹೊತ್ತಿನ ತನಕ ನಿದ್ದೆ ಮಾಡಿದ. ಎದ್ದು ರೊಟ್ಟಿ ಕೇಳಿದ. "ನೋವು ಹನ್ನೆರಡಾಣೆ ಹೋಗೈತಿ, ನಾಲ್ಕಾಣೆ ಐತಿ. ಇರ್ಲಿ" ಅಂದ. ಪುಸ್ತಕದಲ್ಲಿ ಇದಕ್ಕೂ ಏನಾದರೂ ಕಾರಣ ಇರುತ್ತದೆ. ನಾನು ಹುಡುಕಲು ಹೋಗಲಿಲ್ಲ.

ಎರಡು ದಿನದ ಮೇಲೆ ಪಟ್ಟಿ ಬದಲಿಸುವಾಗ ಕೇಳಿದ: "ನಿನ್ನ ಗಂಡನ್ನ ಹೆಂಗ ಕುಂದರಸಿದ್ರು?"

"ಗೊತ್ತಿಲ್ಲ ಅಜ್ಜಾ. ನನ್ನನ್ನ ಬಿಡಲಿಲ್ಲ."

"ಆಮ್ಯಾಲ ಯಾರನ್ನೂ ಕೇಳಲಿಲ್ಲಾ?"

"ಇಲ್ಲ."

"ಆ ಚಿಗಟೇರಿ ತಾಯಿ ನನ್ನ ಕೇಳಿದ್ಲು. ಸುಳ್ಳು ಹೇಳಿದವ ನಾನು, ಆದ್ರ ಆಕಿ ಕೇಳಿದ್ಲು. ನೀನು ಕೇಳೋದನ್ನೂ ಬಿಟ್ಟಿ. ಹೋಗು, ಕೇಳ್ಕೊಂಡು ಬಾ."

ಅಜ್ಜನ ಮಾತು ಹುಕುಂ ಇದ್ದಂತೆ ಇತ್ತು. ಭಾನುವಾರ ಮಾಗಳಕ್ಕೆ ಹೋದೆ. ಮೈದುನ ಹೊಳೆದಂಡೆಯ ಹೊಲದಲ್ಲಿದ್ದ. ನನ್ನನ್ನು ನೋಡಿ ಗಾಬರಿಯಾದ. ಸುತ್ತು ಬಳಸದೆ ಕೇಳಿದೆ. ಅವನು ನನ್ನ ಮುಖ ಬಿಟ್ಟು ಹೊಳೆಯ ಕಡೆ ನೋಡುತ್ತ ಹೇಳಿದ.

"ಮೂರು ದಿನ ನೀರಾಗ ಇದ್ದ ಅಣ್ಣ. ಕಾಲು ಮಡಚಾಕ ಬರ್ಲಿಲ್ಲ ಅತ್ತಿಗಿ. ಒತ್ತಿ ಮುರಿಯಾಕ ನಮಗ ಮನಸ್ಸಾಗ್ಲಿಲ್ಲ. ಮಲಗಿಸಿವಿ. ನಿಮಗ ಗೊತ್ತಾದ್ರ ಎಲ್ಲಿ ನೊಂದ್ಕೊಂತೀರೋ ಅಂತ ಯಾರೂ ಹೇಳ್ಲಿಲ್ಲ."

ಗುಡ್ಡೆಯ ಹತ್ತಿರ ಹೋಗಿ ಕೂತೆ. ಉದ್ದನೆಯ ಗುಡ್ಡೆ. ಅಕ್ಕಪಕ್ಕದವೆಲ್ಲ ದುಂಡಗಿದ್ದವು, ಅದೊಂದೇ ಉದ್ದ. ಅವರು ಎಷ್ಟು ಎತ್ತರದ ಮನುಷ್ಯ ಎಂಬುದು ಅದರಲ್ಲೇ ತಿಳಿಯುತ್ತಿತ್ತು. ಮಂಚದಿಂದ ಕಾಲು ಹೊರಗೆ ಬರುತ್ತಿತ್ತು ಅವರದು, ಅದಕ್ಕೆ ನಾನು ನಗುತ್ತಿದ್ದೆ. ಅದು ನೆನಪಾದದ್ದೇ, ಎಲ್ಲಿತ್ತೋ ಏನೋ, ನೋವು ಬಂತು. ದಂಡೆಯ ಮೇಲೆ ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನೋಡುವ ಹಾಗೆ ಅತ್ತೆ. ಮೈದುನ ಸ್ವಲ್ಪ ದೂರದಲ್ಲಿ ನಿಂತೇ ಇದ್ದ, ಪಾಪ. ಯಾರೂ ನನ್ನನ್ನು ಗಟ್ಟಿ ಹೆಂಗಸು ಅನ್ನಲಿಲ್ಲ ಅವತ್ತು.

ಹಿಂದಿರುಗಿ ಅಜ್ಜನಿಗೆ ಹೇಳಿದೆ. "ಮಲಗಿಸ್ಯಾರಂತ ಅಜ್ಜಾ."

ಅಗೆದು ಕೂರಿಸಬೇಕು ಅನ್ನುತ್ತಾನೇನೋ ಎಂದು ಹೆದರಿದ್ದೆ. ಅಜ್ಜ ತನ್ನ ಉಳಿದ ತೊಡೆಯನ್ನು ಸವರಿಕೊಂಡ. "ಮಲಗ್ಲಿ ಬಿಡವ್ವ" ಅಂದ. "ಮೂರು ದಿನ ಹೊಳಿಯಾಗ ತಿರುಗ್ಯಾನ. ದಣಿದಿರ್ತಾನ."

ಮುಂದಿನ ಸುಗ್ಗಿಗೆ ಅಜ್ಜ ಹೋದ. ಬೆಳಗಿನ ರೊಟ್ಟಿಯ ಹೊತ್ತು. ಈರಮ್ಮ ಓಡಿ ಬಂದು ಕರೆದಾಗ ಮೈ ಇನ್ನೂ ಬಿಸಿ ಇತ್ತು. ಸೆಟೆಯುವ ಮೊದಲೇ ಎಡಗಾಲನ್ನು ನಾನೇ ಮಡಿಸಿ, ಬಟ್ಟೆ ಕಟ್ಟಿ, ಗೋಡೆಗೆ ಒರಗಿಸಿ ಕೂರಿಸಿದೆ. ಮುಖ ಚೆನ್ನಾಗಿ ನೋಡಿದೆ, ಅತ್ತೆ. ಹೊಲದಲ್ಲಿ ದೊಡ್ಡ ಕುಣಿ ತೆಗೆದರು. ಬಟ್ಟೆಯಲ್ಲಿ ಉಳಿದಿದ್ದ ಮೂಳೆಗಳನ್ನು ಸಿದ್ಲಿಂಗಪ್ಪ ನನ್ನ ಕೈಗೆ ಕೊಟ್ಟ. ಅಜ್ಜನನ್ನು ಒಳಗೆ ಇಳಿಸಿ ಕೂರಿಸಿದ ಮೇಲೆ ಅವನ್ನು ಅವನ ಬಲಕ್ಕೆ, ಇರಬೇಕಾದ ಜಾಗಕ್ಕೆ, ಎಡಗಾಲಿನ ಮೇಲೆ ಬರುವಂತೆ ಇಟ್ಟೆ. ಅಯ್ಯನೋರು ಈ ಸಲ ದೊಡ್ಡ ದನಿಯಲ್ಲಿ ಮಂತ್ರ ಹೇಳಿದರು. ನಾನು ಮಣ್ಣು ಹಾಕುವಾಗ ಲೆಕ್ಕ ಹಾಕಿದೆ: ಆ ಬಲಗಾಲು ಹತ್ತು ತಿಂಗಳಿಂದ ಅಲ್ಲಿ ಕೂತು ಕಾಯುತ್ತಿತ್ತು. ಜೀವಮಾನದಲ್ಲಿ ಅಜ್ಜನಿಗಿಂತ ಮುಂದೆ ಹೋಗಿ ಗುರಿ ಮುಟ್ಟಿದ್ದು ಅದೊಂದೇ.